ಹವ್ಯಾಸ ಒಬ್ಬರದು, ವಿಷ ಇನ್ನೊಬ್ಬರಿಗೆ

ಸ್ವಂತ ವಿಮಾನದಲ್ಲಿ ವಿಹರಿಸುವುದು, ಕಾಲು ಮೈಲಿಯ ನೇರ ಹಾದಿಯಲ್ಲಿ ಕಾರು ಓಡಿಸಿ ಕೆಲವೇ ಸೆಕೆಂಡುಗಳಲ್ಲಿ ಪಂದ್ಯ ಮುಗಿಸುವುದು ಅಮೆರಿಕದಲ್ಲಿ ಅನೇಕರ ನೆಚ್ಚಿನ ಹವ್ಯಾಸಗಳು. ಅವರ ಸಾಹಸವನ್ನು ಯಾರೂ ಅಲ್ಲಗಳೆಯರು. ಆದರೆ ಆ ಆನಂದದ ವೆಚ್ಚ ಯಾರ ಲೆಕ್ಕಕ್ಕೆ ಬೀಳುತ್ತಿದೆ ಎಂಬುದೇ ಪ್ರಶ್ನೆ.

ಪೆಟ್ರೋಲಿಗೆ ಬೆರೆಸುವ ಸೀಸವು ಮಕ್ಕಳ ಬುದ್ಧಿಶಕ್ತಿಯನ್ನು ಕುಂದಿಸುತ್ತದೆ. ಅದನ್ನು ಅರಿತ ಅಮೆರಿಕ 1996ರಲ್ಲಿ ರಸ್ತೆಯ ವಾಹನಗಳಿಗೆ ಅಂಥ ಪೆಟ್ರೋಲನ್ನು ನಿಷೇಧಿಸಿತು. ಭಾರತವೂ 2000ದಲ್ಲಿ ಅದೇ ಹಾದಿ ಹಿಡಿಯಿತು. ಆದರೆ ಅಮೆರಿಕದ ನಿಷೇಧದಿಂದ ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಿಗೂ ಪಂದ್ಯದ ಕಾರುಗಳಿಗೂ ವಿನಾಯಿತಿ ದೊರೆಯಿತು. ಸಣ್ಣ ವಿಮಾನಗಳ ‘100 ಎಲ್‌ಎಲ್’ ಪೆಟ್ರೋಲಿನ ಲೀಟರೊಂದರಲ್ಲಿ ಅರ್ಧ ಗ್ರಾಮಿಗೂ ಮಿಗಿಲಾಗಿ ಸೀಸವಿರಬಹುದು. ಸ್ಯಾನ್ ಹೋಸೆ ನಗರದ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದ ಸಮೀಪ ವಾಸಿಸುವ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿರುವುದನ್ನು 2021ರ ಅಧ್ಯಯನವೊಂದು ತೋರಿಸಿಕೊಟ್ಟಿತು. 2022ರ ಆರಂಭದಲ್ಲಿ ಅಲ್ಲಿ ಅದರ ಮಾರಾಟವನ್ನೇ ನಿಲ್ಲಿಸಲಾಯಿತು.

ಸೀಸವಿಲ್ಲದಿದ್ದರೆ ಪ್ರಬಲ ಎಂಜಿನ್ನು ಕೆಟ್ಟು ಪ್ರಾಣಾಪಾಯವಾದೀತೆಂಬುದು ಹವ್ಯಾಸಿಗಳ ವಾದ. ಆದರೆ 2022ರಲ್ಲಿಯೇ ಅಲ್ಲಿನ ವಿಮಾನಯಾನ ಆಡಳಿತವು ಸೀಸರಹಿತ ಪರ್ಯಾಯವೊಂದಕ್ಕೆ ಒಪ್ಪಿಗೆ ನೀಡಿತು. ಅದರ ಬಗೆಗೆ ಸಂದೇಹಗಳಿದ್ದರೆ ಅವನ್ನು ಪರಿಹರಿಸುವ ಹೊಣೆ ಹಾರುವವರದೇ ಹೊರತು ಕೆಳಗೆ ಉಸಿರಾಡುವ ಮಕ್ಕಳದಲ್ಲ. ಕಾರಿನ ಪಂದ್ಯಕ್ಕಂತೂ ಈ ನೆಪವೂ ಸಲ್ಲದು. ನಾಸ್ಕಾರ್ ಸಂಸ್ಥೆ 2007-08ರಲ್ಲಿ ಸೀಸವನ್ನು ತ್ಯಜಿಸಿತು. ಅದರಿಂದ ಓಟವೇನೂ ನಿಲ್ಲಲಿಲ್ಲ.

ಲಾಭವನ್ನು ತನ್ನ ಖಾತೆಗೂ ನಷ್ಟವನ್ನು ನೆರೆಯವನ ಖಾತೆಗೂ ಬರೆದುಕೊಳ್ಳುವ ಲೆಕ್ಕವನ್ನು ಯಾವ ಪೇಟೆಯೂ ಒಪ್ಪದು, ನೀತಿಯಂತೂ ಒಪ್ಪಲಾರದು.