ತಿಂದು ಹೊರಡುವ ಊರಲ್ಲ ದಾವಣಗೆರೆ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೆದ್ದಾರಿಯಲ್ಲಿ ಸಾಗತಕ್ಕ ಅಸಂಖ್ಯ ಪ್ರಯಾಣಿಕರ ಪಾಲಿಗೆ ದಾವಣಗೆರೆಯೆಂಬುದು ಒಂದು ತಟ್ಟೆ ಬೆಣ್ಣೆದೋಸೆಯನ್ನು ತಿನ್ನುವಷ್ಟು ಹೊತ್ತಿನ ಊರು. ಗಾಡಿಯನ್ನು ಹೆದ್ದಾರಿಯಿಂದ ಒಳಕ್ಕೆ ತಿರುಗಿಸಿ, ಹೆಸರು ಕೇಳಿದ್ದ ಹೋಟೆಲನ್ನು ಫೋನಿನ ನೆರವಿನಿಂದ ಹುಡುಕಿ, ದೋಸೆಯ ಚಿತ್ರ ತೆಗೆದು, ತಿಂದು, ಕೈತೊಳೆದು ಮತ್ತೆ ಹೆದ್ದಾರಿಯನ್ನು ಸೇರುವ ಸ್ನೇಹಿತರ ಗುಂಪುಗಳನ್ನು ಯಾವ ಭಾನುವಾರವಾದರೂ ನೋಡಬಹುದು. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಇಲ್ಲಿಗೆ ಬಂದು ವರ್ಷಗಟ್ಟಲೆ ನೆಲಸುವ ತರುಣ ತರುಣಿಯರಲ್ಲಿಯೂ ಅನೇಕರು ಊರನ್ನು ಅರಿಯುವ ವಿಷಯದಲ್ಲಿ ಈ ದಾರಿಹೋಕರಿಗಿಂತ ಹೆಚ್ಚು ಮುಂದೆ ಹೋದವರಲ್ಲ. ಒಂದು ಊರಿನ ತಿನಿಸನ್ನು ಅದರ ನೀರು, ನೆಲ, ದುಡಿಮೆಗಳಿಂದ ಬೇರ್ಪಡಿಸಿ ಸವಿಯುವ ಈ ಅವಸರದಿಂದ ಊರಿಗೂ ನಷ್ಟ, ಬಂದವರಿಗೂ ನಷ್ಟ. ದಾವಣಗೆರೆ ಹರಿಹರಗಳಿಗೆ ಗೆಳೆಯರೊಡನೆ ಬರತಕ್ಕವರು ಒಂದು ಇಡೀ ದಿನವನ್ನೂ, ಸಾಧ್ಯವಾದರೆ ಒಂದು ರಾತ್ರಿಯನ್ನೂ ಈ ಎರಡು ಊರುಗಳಿಗೆ ಕೊಡಬೇಕು. ಹಾಗೆ ಕೊಟ್ಟವರಿಗೆ ತಕ್ಕಂತೆ ತಮ್ಮ ಕೆರೆ, ಗುಡ್ಡ, ನದಿಗಳನ್ನು ಇರಿಸಿಕೊಳ್ಳುವ ಹೊಣೆಯನ್ನು ಊರುಗಳೂ ಹೊರಬೇಕು ಎಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ದಾವಣಗೆರೆಯ ಚರಿತ್ರೆಯೇ ಹೊಸಬರ ಚರಿತ್ರೆ. ಒಂದು ಕಾಲಕ್ಕೆ ಸಣ್ಣ ಗ್ರಾಮವಾಗಿದ್ದ ಇದನ್ನು ಹೈದರಾಲಿಯು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಆತನು ವರ್ತಕರನ್ನು ಕರೆದು ನೆಲೆ ನಿಲ್ಲುವಂತೆ ಪ್ರೋತ್ಸಾಹಿಸಿದುದರಿಂದ ಪೇಟೆ ಬೆಳೆಯಿತೆಂದೂ ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಮುಂದೆ ಹತ್ತಿಯ ವ್ಯಾಪಾರ ಬಂದಿತು. ಹತ್ತಿಯ ಹಿಂದೆಯೇ ಬಟ್ಟೆಗಿರಣಿಗಳು ಎದ್ದವು. ಗಿರಣಿಯ ಕೂಗಿಗೆ ಓಗೊಟ್ಟು ನಾನಾ ಸೀಮೆಗಳಿಂದ ಕಾರ್ಮಿಕರು ಬಂದರು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಊರಿಗೆ ಅಂಟಿಕೊಂಡಿತು. ಗಿರಣಿಗಳು ಒಂದೊಂದಾಗಿ ನಿಂತುಹೋದ ಮೇಲೆಯೂ ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ಕಾಲೇಜುಗಳನ್ನೂ, 2009ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವನ್ನೂ ಅರಸಿ ಬರುವ ವಿದ್ಯಾರ್ಥಿಗಳಿಂದ ಈ ಆಗಮನದ ಧಾರೆ ಬತ್ತದೆ ಉಳಿದಿದೆ. ಊರಿಗೆ ಕೀರ್ತಿ ತಂದ ಬೆಣ್ಣೆದೋಸೆಯೂ ಹೊರಗಿನಿಂದ ಬಂದವರ ಕೈಗುಣವೇ. ಊರಿನವರ ಬಾಯಲ್ಲಿ ಉಳಿದಿರುವ ವೃತ್ತಾಂತದಂತೆ, 1928ರ ಸುಮಾರಿಗೆ ಬೆಳಗಾವಿಯ ಕಡೆಯಿಂದ ಮಕ್ಕಳೊಡನೆ ಇಲ್ಲಿಗೆ ಬಂದ ಚೆನ್ನಮ್ಮನೆಂಬ ಹೆಣ್ಣುಮಗಳು ನಾಟಕಮಂದಿರದ ಬಳಿ ರಾಗಿಯ ದೋಸೆ ಹೊಯ್ದು ಮಾರುತ್ತಿದ್ದಳು. ಹತ್ತು ವರ್ಷಗಳ ತರುವಾಯ ಆಕೆಯ ಮಕ್ಕಳು ರಾಗಿಯ ಸ್ಥಾನಕ್ಕೆ ಅಕ್ಕಿ, ಉದ್ದು, ಮಂಡಕ್ಕಿಗಳನ್ನು ತಂದು, ಮೇಲೆ ಧಾರಾಳವಾಗಿ ಬೆಣ್ಣೆ ಹಾಕತೊಡಗಿದರು. ಇಂದು ನಾಡಿನ ಬೇರೆ ನಗರಗಳಲ್ಲಿ ಬೀದಿಬೀದಿಗೆ ದಾವಣಗೆರೆಯ ಹೆಸರನ್ನು ಹೊತ್ತ ಫಲಕಗಳು ಕಾಣುವುದಾದರೆ, ಅದರ ಮೂಲದಲ್ಲಿ ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಬಂದು, ಆ ಸ್ಥಳವನ್ನೇ ತನ್ನದಾಗಿಸಿಕೊಂಡ ಒಂದು ಕುಟುಂಬದ ಶ್ರಮವುಂಟು.

ಆ ದೋಸೆಯನ್ನು ಅದರ ಸ್ವಸ್ಥಾನದಲ್ಲಿಯೇ ನೋಡಬೇಕು. ಸೌದೆ ಉರಿಯುವ ಒಲೆಯ ಮೇಲೆ ಅಗಲವಾದ ಕಬ್ಬಿಣದ ಹಂಚು. ದೋಸೆ ಹೊಯ್ಯುವವನು ಒಂದು ಹಿಡಿ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸಿದೊಡನೆ ಚುಯ್ಯೆಂದು ಹಬೆ ಏಳುತ್ತದೆ. ಆ ಹಬೆ ಅಡಗುವುದಕ್ಕೆ ಮುಂಚೆಯೇ ಸೌಟಿನಿಂದ ಹಿಟ್ಟು ಬಿದ್ದು, ನಾಲ್ಕು ಸುತ್ತಿಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ದಪ್ಪ ದೋಸೆಗಳು ಸಾಲುಗೂಡುತ್ತವೆ. ಬಿಳಿಯ ಬೆಣ್ಣೆಯ ಮುದ್ದೆ ಅವುಗಳ ಮೇಲೆ ಕರಗಿ ಅಂಚಿಗೆ ಹರಿದಾಗ ಹೊರಮೈ ಗರಿಗರಿಯಾಗುತ್ತದೆ. ಹಿಟ್ಟಿನಲ್ಲಿ ಸೇರಿದ ಮಂಡಕ್ಕಿಯ ಗುಣದಿಂದ ಒಳಗು ಮೆತ್ತಗೆ ಉಳಿಯುತ್ತದೆ. ಅರಿಸಿನದ ಸೋಂಕಿಲ್ಲದ ಆಲೂಗಡ್ಡೆ ಪಲ್ಯ, ಕಾಯಿಚಟ್ನಿ, ಇಷ್ಟೇ ಅದರ ಪರಿವಾರ. ಹಂಚಿನ ಮೇಲೆ ಹಿಡಿಯುವಷ್ಟೇ ಒಂದು ಸಲಕ್ಕೆ ಸಿದ್ಧವಾಗುವುದರಿಂದ ಸರದಿ ಕಾಯುವುದು ಅನಿವಾರ್ಯ. ಆ ಕಾಯುವಿಕೆಯಲ್ಲಿಯೇ ಎದುರು ಬೆಂಚಿನ ಅಪರಿಚಿತರೊಡನೆ ಮಾತು ಹುಟ್ಟುತ್ತದೆ, ‘ನಿಮ್ಮೂರು ಯಾವುದು’ ಎಂಬ ಪ್ರಶ್ನೆ ಬರುತ್ತದೆ, ಊರು ಹೊಸಬನನ್ನು ಮೊದಲ ಸಲ ಕಣ್ಣೆತ್ತಿ ನೋಡುತ್ತದೆ. ಮನೆಬಾಗಿಲಿಗೆ ಪೊಟ್ಟಣದಲ್ಲಿ ತರಿಸಿಕೊಂಡ ದೋಸೆಯಲ್ಲಿ ಬೆಣ್ಣೆಯಿದ್ದೀತು, ಈ ಸಂಭಾಷಣೆ ಇರಲಾರದು.

ದೋಸೆಯ ಹಿಟ್ಟಿನಲ್ಲಿ ಅಡಗಿರುವ ಮಂಡಕ್ಕಿಯು ಸಂಜೆಯಾದರೆ ದಾವಣಗೆರೆಯ ಬೀದಿಗಳಲ್ಲಿ ತನ್ನ ಸ್ವಂತ ರಾಜ್ಯವನ್ನು ಸ್ಥಾಪಿಸುತ್ತದೆ. ಖಾರ ಮಂಡಕ್ಕಿ, ಒಗ್ಗರಣೆ ಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಜೊತೆಗೆ ಬಾಣಲೆಯಿಂದ ಆಗತಾನೆ ಎತ್ತಿದ ಮೆಣಸಿನಕಾಯಿ ಬಜ್ಜಿ: ಕೂಲಿಯಿಂದ ಮರಳುವವನೂ, ಅಂಗಡಿ ಮುಚ್ಚಿದ ಸಾಹುಕಾರನೂ, ಹಾಸ್ಟೆಲಿನ ಹುಡುಗನೂ ಒಂದೇ ಗಾಡಿಯ ಮುಂದೆ ನಿಂತು ತಿನ್ನುವ ಆಹಾರವಿದು. ಆದರೆ ಇದನ್ನು ತಿನ್ನುವವರಲ್ಲಿ ಎಷ್ಟು ಮಂದಿ ಮಂಡಕ್ಕಿ ಭಟ್ಟಿಯ ಪ್ರದೇಶವನ್ನು ಕಂಡಿದ್ದಾರೆ? ಬತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಸಿಪ್ಪೆ ತೆಗೆದು, ಉಪ್ಪುನೀರು ಸವರಿದ ಅಕ್ಕಿಯನ್ನು ಕೆಂಡದಂತೆ ಕಾದ ಮರಳಿಗೆ ಸುರಿದಾಗ ಕ್ಷಣಮಾತ್ರದಲ್ಲಿ ಕಾಳು ಅರಳಿ ಹಗುರಾಗುತ್ತದೆ. ಜರಡಿ ಆಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಆ ಕ್ಷಣದ ಸೊಬಗಿನ ಹಿಂದೆ, ನಸುಕಿನಲ್ಲಿಯೇ ಒಲೆಯ ಮುಂದೆ ನಿಂತು ಹೊಗೆ, ತಾಪ, ಧೂಳುಗಳನ್ನು ನುಂಗುವ ಗಂಡಸರೂ ಹೆಂಗಸರೂ ಇದ್ದಾರೆ. ಅಗ್ಗದ ಉರುವಲಿನ ಆಸೆಯಿಂದ ಸುಡಬಾರದ್ದನ್ನು ಸುಟ್ಟರೆ ಮೊದಲು ಹಾನಿಗೊಳಗಾಗುವ ಶ್ವಾಸಕೋಶ ಅವರದೇ. ನಮ್ಮ ನಾಲಿಗೆಗೆ ಸುಖ ಕೊಡುವ ಕೈಗಳ ಆರೋಗ್ಯಕ್ಕೆ ಶುದ್ಧವಾದ ಒಲೆಯನ್ನೂ ಎತ್ತರದ ಹೊಗೆಕೊಳವೆಯನ್ನೂ ಒದಗಿಸುವುದು ದಾನವಲ್ಲ, ಋಣಸಂದಾಯ. ಭಟ್ಟಿಯನ್ನು ಕಣ್ಣಾರೆ ಕಂಡು ಬಂದ ನಾಗರಿಕನು ಅದನ್ನು ಕೇಳದೆ ಸುಮ್ಮನಿರಲಾರ.

ಹಾಗಾದರೆ ಬತ್ತ ಎಲ್ಲಿಂದ ಬಂದಿತು? ಭದ್ರಾ ಜಲಾಶಯದ ಬಲದಂಡೆ ನಾಲೆಯು ಈ ಸೀಮೆಗೆ ನೀರನ್ನು ತಂದ ಮೇಲೆ, ಹತ್ತಿ ಜೋಳಗಳ ನೆಲದಲ್ಲಿ ಬತ್ತದ ಗದ್ದೆಗಳು ಹಬ್ಬಿದವು. ಅದೇ ನಾಲೆಯ ನೀರು ತುಂಬುವ ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಒಂದು ಸುತ್ತು ನಡೆದವನಿಗೆ, ಹಿಂದಿನ ಸಂಜೆ ತಾನು ತಿಂದುದಕ್ಕೂ ಎದುರಿನ ಜಲರಾಶಿಗೂ ಇರುವ ಸಂಬಂಧ ಉಪದೇಶವಿಲ್ಲದೆ ತಿಳಿಯುತ್ತದೆ. ನಗರದ ಕುಡಿಯುವ ನೀರಿಗೂ ಆಧಾರವಾದ ಈ ಕೆರೆಯ ದಂಡೆಯಲ್ಲಿ ನಿವೃತ್ತರು ನಡೆಯುತ್ತಾರೆ, ಮಕ್ಕಳು ಓಡುತ್ತಾರೆ, ನೀರುಹಕ್ಕಿಗಳು ಮೀನು ಹಿಡಿಯುತ್ತವೆ. ಸಮೀಪದ ಗಾಜಿನ ಮನೆಯನ್ನು ನೋಡಬರುವವರು ಹತ್ತು ಹೆಜ್ಜೆ ಮುಂದೆ ಬಂದು ಈ ಕೆರೆಯನ್ನೂ ನೋಡಬೇಕು. ಹರಿಹರದ ಹಾದಿಯಲ್ಲಿ ಬಾತಿಯ ಗುಡ್ಡವಿದೆ. ಇಳಿಬಿಸಿಲಿನಲ್ಲಿ ಅದನ್ನು ಹತ್ತಿ ನಿಂತರೆ ಸುತ್ತಲಿನ ಬಯಲು ಕಣ್ಣಿಗೆ ತೆರೆದುಕೊಳ್ಳುತ್ತದೆ. ಇನ್ನಷ್ಟು ದೂರ ಹೋಗಬಯಸುವವರಿಗೆ ಕೊಂಡಜ್ಜಿಯ ಕೆರೆಯೂ ಕುರುಚಲು ಕಾಡೂ ಇವೆ; ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರಗಳ ನೆಪದಿಂದ ನಾಡಿನ ಅನೇಕ ಮಕ್ಕಳು ಮೊದಲ ಬಾರಿಗೆ ಡೇರೆಯಲ್ಲಿ ಮಲಗಿ ನಕ್ಷತ್ರಗಳನ್ನು ಎಣಿಸಿದ ಸ್ಥಳವದು.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಬಸ್ಸೂ ಉಂಟು, ರೈಲೂ ಉಂಟು. ಅಲ್ಲಿ ಹರಿದ್ರಾ ನದಿಯನ್ನು ಕೂಡಿಕೊಂಡು ತುಂಗಭದ್ರೆ ಅಗಲವಾಗಿ ಹರಿಯುತ್ತಾಳೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮುಖಮಂಟಪದಲ್ಲಿ ಕಲ್ಲಿನ ಒರಗುಪೀಠಕ್ಕೆ ಬೆನ್ನು ಕೊಟ್ಟು ಒಂದು ಗಳಿಗೆ ಕುಳಿತು, ತಿರುಗಣೆಗೆ ಕೊಟ್ಟು ಕಡೆದ ಕಂಬಗಳ ದುಂಡಗಿನ ಅಂಚುಗಳನ್ನು ಬೆರಳಿನಿಂದ ಸವರಿ ನೋಡಬೇಕು. ಒಂದೇ ಮೂರ್ತಿಯ ಬಲಭಾಗದಲ್ಲಿ ಶಿವನನ್ನೂ ಎಡಭಾಗದಲ್ಲಿ ವಿಷ್ಣುವನ್ನೂ ಆರಾಧಿಸಿದ ಆ ಶತಮಾನದ ಕುಶಲಿಗಳು ಕಲ್ಲನ್ನು ತಿರುಗಿಸಿ ನುಣುಪುಗೊಳಿಸಿದ ಅದೇ ಊರಿನಲ್ಲಿ, ಏಳು ಶತಮಾನಗಳ ಅನಂತರ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನೆಲೆಗೊಂಡು ಲೇತ್ ಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆಯೂ ಮುಚ್ಚಿಹೋಗಿದೆ. ಆದರೆ ಅಲ್ಲಿ ದುಡಿದ ಹಿರಿಯರು ಹರಿಹರದ ಬೀದಿಗಳಲ್ಲಿ ಇನ್ನೂ ಸಿಗುತ್ತಾರೆ, ಕೇಳುವವರು ಇದ್ದರೆ ಹೇಳುತ್ತಾರೆ. ಸಂಜೆಗೆ 1868ರ ಹಳೆಯ ಕಮಾನು ಸೇತುವೆಯ ಕಡೆಗೆ ಹೋಗಬೇಕು. 1956ರಲ್ಲಿ ಕನ್ನಡ ನಾಡು ಒಂದಾಗುವ ತನಕ ಈಚೆಯ ದಡ ಮೈಸೂರು ಸಂಸ್ಥಾನ, ಆಚೆಯ ದಡ ಮುಂಬಯಿ ಪ್ರಾಂತ. ಒಂದೇ ಮಾತನ್ನಾಡುವ, ಒಂದೇ ರೊಟ್ಟಿಯನ್ನು ತಟ್ಟುವ ಜನ ಎರಡು ಸರಕಾರಗಳ ಪ್ರಜೆಗಳಾಗಿ ಈ ಸೇತುವೆಯನ್ನು ದಾಟುತ್ತಿದ್ದರು.

ಇಷ್ಟನ್ನು ಕೇಳಿದ ಮೇಲೆಯೂ, ಹಂಪೆಯ ವೈಭವವಾಗಲಿ ಜೋಗದ ಧುಮುಕಾಗಲಿ ಇಲ್ಲದ ಈ ಬಯಲುಸೀಮೆಗೆ ಒಂದು ದಿನವನ್ನು ಏಕೆ ಕೊಡಬೇಕೆಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಬೆರಗುಗೊಳಿಸುವ ಒಂದೇ ದೃಶ್ಯವನ್ನು ಅಪೇಕ್ಷಿಸಿ ಬರುವವನಿಗೆ ದಾವಣಗೆರೆ ಅದನ್ನು ಕೊಡಲಾರದು. ಆದರೆ ಮಹಾದೃಶ್ಯದ ಮುಂದೆ ಮನುಷ್ಯನು ಮೂಕ ಪ್ರೇಕ್ಷಕನಾಗುತ್ತಾನೆ. ಸಾಧಾರಣ ಊರಿನಲ್ಲಿ ಅವನು ಕೇಳುವವನೂ, ಮಾತನಾಡುವವನೂ, ನಡೆಯುವವನೂ ಆಗಬೇಕಾಗುತ್ತದೆ. ಸ್ನೇಹಕ್ಕೆ ಈ ಎರಡನೆಯ ಬಗೆಯ ಪ್ರವಾಸವೇ ಹಿತ. ನಾಲ್ವರು ಗೆಳೆಯರು ಕೂಡಿ ನಡೆದಾಗ ಒಬ್ಬನು ಶಾಸನದ ಅಕ್ಷರಗಳ ಮುಂದೆ ನಿಲ್ಲುತ್ತಾನೆ, ಒಬ್ಬಳು ಹಕ್ಕಿಯ ಗೂಡನ್ನು ತೋರಿಸುತ್ತಾಳೆ, ಇನ್ನೊಬ್ಬನು ಭಟ್ಟಿಯ ಕೂಲಿಯ ಲೆಕ್ಕ ಕೇಳುತ್ತಾನೆ, ಮತ್ತೊಬ್ಬಳು ಚಟ್ನಿಗೆ ಏನು ಅರೆದರೆಂದು ವಿಚಾರಿಸುತ್ತಾಳೆ. ಒಬ್ಬೊಬ್ಬರ ಕುತೂಹಲವೂ ಉಳಿದ ಮೂವರಿಗೆ ಸೊತ್ತಾಗುತ್ತದೆ. ಒಬ್ಬಂಟಿಯಾಗಿ ಹೊಸ ಊರಿಗೆ ಬಂದ ವಿದ್ಯಾರ್ಥಿಯ ಮನಸ್ಸಿನ ಬೇಗುದಿ ಶಮನವಾಗುವುದೂ, ಕೋಣೆಯ ಬಾಗಿಲು ಹಾಕಿಕೊಂಡು ಫೋನನ್ನು ನೋಡುವುದರಿಂದಲ್ಲ, ಇಂತಹ ಒಡನಡಿಗೆಯಿಂದ.

ಇನ್ನು ಊರುಗಳ ಕರ್ತವ್ಯವನ್ನು ಕುರಿತು ಸ್ಪಷ್ಟವಾಗಿ ಹೇಳಬೇಕು. 2016ರಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿದ ನಗರವಿದು. ನಗರದ ಜಾಣ್ಮೆಯನ್ನು ಅಳೆಯತಕ್ಕದ್ದು ದೀಪದ ಕಂಬಗಳಿಂದಲ್ಲ. ಕೆರೆಯ ಅಂಚಿನಲ್ಲಿ ಕಾಂಕ್ರೀಟು ಸುರಿಯದೆ ಹಕ್ಕಿಗಳಿಗೆ ಹುಲ್ಲನ್ನೂ ಕೆಸರನ್ನೂ ಬಿಟ್ಟುಕೊಡುವ ವಿವೇಕದಿಂದ. ಹರಿಹರದಲ್ಲಿ ಚರಂಡಿಯ ನೀರು ಶುದ್ಧಿಯಾಗದೆ ನದಿಯನ್ನು ಸೇರಕೂಡದು. ಸ್ನಾನಘಟ್ಟದಲ್ಲಿ ಹಳೆಯ ಬಟ್ಟೆ, ಪ್ಲಾಸ್ಟಿಕ್ಕುಗಳ ರಾಶಿ ಬೀಳಕೂಡದು. ಹರಿಹರದ ಸಮೀಪದ ರಾಜನಹಳ್ಳಿಯಲ್ಲಿ ಎತ್ತಿದ ತುಂಗಭದ್ರೆಯ ನೀರನ್ನೂ ದಾವಣಗೆರೆ ಕುಡಿಯುತ್ತಿರುವಾಗ, ನದಿಯ ಶುಚಿತ್ವವನ್ನು ಕೇವಲ ಹರಿಹರದವರ ಚಿಂತೆಯೆಂದು ಬಿಡುವುದು ಯಾರಿಗೂ ಶೋಭಿಸದು. ಗುಡ್ಡದ ಹಾದಿಗೊಂದು ಗುರುತುಫಲಕ, ದೇವಾಲಯದ ಶಾಸನಗಳ ಬಳಿ ಅವುಗಳ ಸಾರವನ್ನು ತಿಳಿಗನ್ನಡದಲ್ಲಿ ಹೇಳುವ ನಾಲ್ಕು ಸಾಲು, ಹೆಣ್ಣುಮಕ್ಕಳು ಅಂಜಿಕೆಯಿಲ್ಲದೆ ಬಳಸಬಹುದಾದ ಶೌಚಾಲಯ, ಸಂಜೆಯ ಮೇಲೆ ಹರಿಹರದಿಂದ ಮರಳಲು ಖಾತರಿಯಾದ ಬಸ್ಸು: ಇವು ಮಹಾಯೋಜನೆಗಳಲ್ಲ, ಒಂದು ಆಯವ್ಯಯದಲ್ಲಿ ಸಲ್ಲಿಸಬಹುದಾದ ಸೇವೆಗಳು.

ಬರುವವರ ಕರ್ತವ್ಯವೂ ಇಷ್ಟೇ ಸ್ಪಷ್ಟ. ತಿಂದ ಎಲೆಯನ್ನೂ ಕುಡಿದ ಬಾಟಲಿಯನ್ನೂ ಗುಡ್ಡದ ಮೇಲೆ ಬಿಟ್ಟುಬರಬಾರದು. ದುಡಿಯುವವರ ಚಿತ್ರ ತೆಗೆಯುವ ಮುನ್ನ ಅವರ ಒಪ್ಪಿಗೆ ಕೇಳಬೇಕು. ಹೆಸರುವಾಸಿಯಾದ ಹೋಟೆಲಿನ ಪಕ್ಕದ ಓಣಿಯಲ್ಲಿ ಪಡ್ಡು ಮಾಡುವ ಹೆಂಗಸಿನ ಅಂಗಡಿಗೂ ಹೋಗಬೇಕು, ರೊಟ್ಟಿ, ಎಣ್ಣೆಗಾಯಿ, ಶೇಂಗಾಚಟ್ನಿಯ ಖಾನಾವಳಿಯಲ್ಲಿಯೂ ಒಂದು ಹೊತ್ತು ಊಟ ಮಾಡಬೇಕು. ಆದುದರಿಂದ ಮುಂದಿನ ರಜೆಯಲ್ಲಿ ಈ ಮಾರ್ಗವಾಗಿ ಹೊರಡತಕ್ಕ ಗೆಳೆಯರಲ್ಲಿ ನನ್ನ ವಿನಂತಿ ಇದು: ಬೆಳಗಿನ ಮೊದಲ ರೈಲಿಗೆ ಬನ್ನಿ, ದೋಸೆಯನ್ನು ಅವಶ್ಯವಾಗಿ ತಿನ್ನಿ, ಆಮೇಲೆ ಹೊರಡಬೇಡಿ. ಚೆನ್ನಮ್ಮನಂತಹ ಹೊಸಬರು ಈ ಊರಿಗೆ ತಮ್ಮ ಕೈಗುಣವನ್ನು ಕೊಟ್ಟುಹೋದರು. ಒಂದು ದಿನದ ಮಟ್ಟಿಗೆ ಬರುವ ನಾವು ನಮ್ಮ ಗಮನವನ್ನಾದರೂ ಕೊಡೋಣ.