ಕೊಡವಬೇಡಿ, ಒರೆಸಿ



ಮೇಜು, ಕುರ್ಚಿ, ಕಪಾಟುಗಳ ಮೇಲಿನ ಧೂಳನ್ನು ಒಣಬಟ್ಟೆಯಿಂದ ಪಟಪಟನೆ ಬಡಿದು, ಗರಿಯ ಕುಂಚದಿಂದ ಕೊಡವಿ, ‘ಮನೆ ಸ್ವಚ್ಛವಾಯಿತು’ ಎಂದು ತೃಪ್ತಿಪಡುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ನಡೆದುಬಂದಿದೆ. ಇದು ಶುಚಿತ್ವವಲ್ಲ, ನಮ್ಮ ಕಣ್ಣಿಗೆ ನಾವೇ ಮಣ್ಣೆರಚಿಕೊಳ್ಳುವ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಡವಿದ ಧೂಳು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ನೀರಿನಷ್ಟೇ ಸಾಂದ್ರತೆಯುಳ್ಳ, 10 ಮೈಕ್ರಾನ್ ವ್ಯಾಸದ ಕಣವೊಂದು ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಮಿಲಿಮೀಟರಿನಂತೆ ಇಳಿಯುತ್ತದೆ. 2 ಮೀಟರ್ ಎತ್ತರದಿಂದ ನೆಲ ಮುಟ್ಟಲು ಅದಕ್ಕೆ ಹತ್ತು ಹನ್ನೊಂದು ನಿಮಿಷ ಬೇಕು. 1 ಮೈಕ್ರಾನಿನ ಕಣಕ್ಕಾದರೋ ಸುಮಾರು 15 ಗಂಟೆ! ಮೇಲೆ ಫ್ಯಾನು ತಿರುಗುತ್ತಿದ್ದರಂತೂ ಹೇಳುವುದೇ ಬೇಡ. ಮೇಜಿನ ಮೇಲೆ ಸುಮ್ಮನೆ ಮಲಗಿದ್ದ ಧೂಳನ್ನು ಎಬ್ಬಿಸಿ ನಮ್ಮ ಶ್ವಾಸಕೋಶಕ್ಕೆ ಆಹ್ವಾನಿಸಿದಂತಾಯಿತೇ ಹೊರತು ಮತ್ತೇನೂ ಸಾಧಿಸಿದಂತಾಗಲಿಲ್ಲ. ಗಾಳಿಯಲ್ಲಿ ಉಳಿದದ್ದು ಸಂಜೆಯ ಹೊತ್ತಿಗೆ ಅದೇ ಮೇಜಿನ ಮೇಲೆ ಬಂದು ಕೂರುತ್ತದೆ.

ಇನ್ನೊಂದು ವಿಷಯ. ಒಣ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿದ ಪ್ರಯೋಗ ನಿಮಗೆ ನೆನಪಿರಬಹುದು. ಟಿವಿಯ ಪರದೆಯನ್ನೋ ಪ್ಲಾಸ್ಟಿಕ್ ಕುರ್ಚಿಯನ್ನೋ ಒಣಬಟ್ಟೆಯಿಂದ ಉಜ್ಜಿದಾಗ ನಡೆಯುವುದೂ ಅದೇ. ಸ್ಥಿರವಿದ್ಯುತ್ತು ಉಂಟಾಗಿ, ಓಡಿಸಿದ ಧೂಳನ್ನು ಅದು ಮರಳಿ ಸೆಳೆದುಕೊಳ್ಳುತ್ತದೆ.

‘ಒದ್ದೆಬಟ್ಟೆ ತಾಗಿದರೆ ಮರ ಕೆಡುತ್ತದೆ’ ಎಂದು ವಾದಿಸುವವರಿದ್ದಾರೆ. ಅರಗಿನ ಪಾಲಿಷ್ ಕಂಡ ಹಳೆಯ ಬೀಟೆಮರದ ಮೇಲೆ ನೀರು ನಿಂತರೆ ಬಿಳಿಯ ಕಲೆ ಬೀಳುವುದು ನಿಜ. ಆದರೆ ನೀರು ಸುರಿಯಿರೆಂದು ಯಾರು ಹೇಳಿದರು? ಹನಿ ತೊಟ್ಟಿಕ್ಕದಂತೆ ಗಟ್ಟಿಯಾಗಿ ಹಿಂಡಿದ ಹಳೆಯ ಹತ್ತಿಬಟ್ಟೆಯಿಂದ ಮರದ ಎಳೆಯ ಜಾಡಿನಲ್ಲಿ ಒರೆಸಿ, ಒಡನೆಯೇ ಒಣಬಟ್ಟೆಯನ್ನು ಆಡಿಸಿದರಾಯಿತು. ಮರಕ್ಕೆ ನಿಜವಾದ ಶತ್ರು ಒಣಬಟ್ಟೆಯಡಿ ಸಿಕ್ಕ ಮರಳಿನ ಕಣ. ಅದು ಉಜ್ಜುಕಾಗದದಂತೆ ಪಾಲಿಷನ್ನು ಗೀರುತ್ತದೆ.

‘ಬೆಂಗಳೂರಿನ ರಸ್ತೆಗಳು ಹೀಗಿರುವಾಗ ಎಷ್ಟು ಒರೆಸಿದರೇನು, ಮತ್ತೆ ಕೂರುತ್ತದೆ’ ಎಂಬುದು ಎರಡನೆಯ ವಾದ. ಹೊಸ ಧೂಳು ಬರುವುದು ನಿಜ. ಆದರೆ ಒರೆಸಿದ ಧೂಳು ಬಟ್ಟೆ ಜಾಲಿಸಿದ ನೀರಿನೊಡನೆ ಹೊರಹೋಗುತ್ತದೆ. ಕೊಡವಿದ ಧೂಳು ಮನೆಯಲ್ಲಿಯೇ ಉಳಿದು ಹೊಸದರ ಜೊತೆ ಸೇರುತ್ತದೆ. 2009ರ ರಾಷ್ಟ್ರೀಯ ಮಾನದಂಡವು 10 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ 24 ಗಂಟೆಯ ಸರಾಸರಿ ಮಿತಿಯನ್ನು ಘನಮೀಟರಿಗೆ 100 ಮೈಕ್ರೋಗ್ರಾಂ ಎಂದು ಗೊತ್ತುಪಡಿಸಿದೆ. ಅದು ಹೊರಗಿನ ಗಾಳಿಗೆ. ನಮ್ಮ ನಡುಮನೆಯ ಗಾಳಿಗೆ ನಾವೇ ಅಧಿಕಾರಿಗಳು, ನಾವೇ ಅಪರಾಧಿಗಳು.

ಹಳೆಯ ಮನೆಗಳಲ್ಲಿ ಬಣ್ಣ ಬಳಿದ ಪೀಠೋಪಕರಣಗಳಿರುತ್ತವೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ಬಂದದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣ ಉದುರಿ ಆದ ಪುಡಿಯಲ್ಲಿ ಸೀಸವಿರಬಹುದು. ನೆಲದ ಮೇಲೆ ತೆವಳುವ ಕೂಸು ಆ ಕೈಯನ್ನೇ ಬಾಯಿಗಿಡುತ್ತದೆ.

ಇಷ್ಟು ಹೇಳಿದರೂ ಮುಖ್ಯವಾದ ಮಾತು ಉಳಿದಿದೆ. ಈ ಧೂಳನ್ನು ಮೊದಲು ಉಸಿರಾಡುವವರಾರು? ಕೊಡವಲು ಆಜ್ಞೆ ಕೊಟ್ಟು ಪಕ್ಕದ ಕೋಣೆಗೆ ಸರಿಯುವ ನಾವಲ್ಲ. ಸೆರಗನ್ನು ಮೂಗಿಗೆ ಕಟ್ಟಿಕೊಂಡು ದಿನಕ್ಕೆ ನಾಲ್ಕಾರು ಮನೆಗಳಲ್ಲಿ ದುಡಿಯುವ ಹೆಣ್ಣುಮಗಳು. ಮನೆಗೆಲಸದವರಿಗೆ 2004ರಲ್ಲಿಯೇ ಕನಿಷ್ಠ ವೇತನ ಗೊತ್ತುಪಡಿಸಿದ ರಾಜ್ಯ ನಮ್ಮದು. ಆದರೆ ಆಕೆಯ ಕೆಮ್ಮಿಗೆ ವೇತನದಲ್ಲಿ ಲೆಕ್ಕವಿಲ್ಲ. ಒಂದು ಬಕೆಟ್ ನೀರು, ಎರಡು ಹಳೆಯ ಬಟ್ಟೆ ಕೊಟ್ಟು, ಫ್ಯಾನು ನಿಲ್ಲಿಸಿ, ಹತ್ತು ನಿಮಿಷ ಹೆಚ್ಚಿಗೆ ಬಿಟ್ಟರೆ ತಪ್ಪಬಹುದಾದ ಕೆಮ್ಮು ಅದು. ಅಷ್ಟನ್ನೂ ಮಾಡದೆ, ‘ಕಪಾಟಿನ ಮೇಲೆ ಧೂಳು ಹಾಗೆಯೇ ಇದೆ’ ಎಂದು ಬೆರಳಾಡಿಸಿ ತೋರಿಸುವುದು ಅನ್ಯಾಯ.

ಕ್ರಮ ಬಹಳ ಸರಳ. ಕಿಟಕಿ ತೆರೆಯಿರಿ, ಫ್ಯಾನು ನಿಲ್ಲಿಸಿ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಚೀಲ ತೊಡಿಸಿ ಎಳೆದರೆ ಧೂಳು ಚೀಲದೊಳಗೇ ಉಳಿಯುತ್ತದೆ. ಬಳಿಕ ಕಪಾಟು, ಮೇಜು, ಕುರ್ಚಿಯ ಕಾಲುಗಳು, ಕಟ್ಟಕಡೆಗೆ ನೆಲ. ಆಯುಧಪೂಜೆಯ ಹಿಂದಿನ ದಿನ ಮಾತ್ರವಲ್ಲ, ವಾರಕ್ಕೆರಡು ಬಾರಿ. ಸಾಧ್ಯವಾದರೆ ಆ ಬಟ್ಟೆಯನ್ನು ಮನೆಯ ಯಜಮಾನರೂ ಒಮ್ಮೆ ಕೈಗೆತ್ತಿಕೊಳ್ಳಲಿ.