ಹಳೇ ಕೋವಿ ಕೊಳ್ಳುವ ಮೊದಲು ಸ್ಕ್ರೂ ಬಿಚ್ಚಿ ನೋಡಿ

ನನ್ನ 200 ಪೌಂಡ್ ಹೋಗಿದ್ದು ಒಂದು ತುಕ್ಕು ಹಿಡಿದ ಸ್ಕ್ರೂನಿಂದ. ಹೇಗೆ ಅಂತ ಹೇಳ್ತೀನಿ. ನಿಮಗೆ ಕೋವಿಯ ಹುಚ್ಚು ಇಲ್ಲದಿದ್ದರೂ ಓದಿ, ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವಾಗಲಾದರೂ ಉಪಯೋಗಕ್ಕೆ ಬಂದೀತು.

ನಮ್ಮ ಮನೆ ಮಡಿಕೇರಿ ಹತ್ತಿರ. ಕೆಲಸ ಮಾತ್ರ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ದಿನವಿಡೀ ಕೋಡ್ ರಿವ್ಯೂ. ಊರಲ್ಲಿ ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ. ಅವತ್ತು ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತೀವಿ, ಆಮೇಲೆ ತೆಂಗಿನಕಾಯಿಗೆ ಈಡು ಹೊಡೆಯೋ ಸ್ಪರ್ಧೆ. ಅಪ್ಪ ಭುಜದ ಆಪರೇಷನ್ ಆದಮೇಲೆ ಎರಡು ವರ್ಷ ಸ್ಪರ್ಧೆಯ ಕಡೆ ತಲೆ ಹಾಕಲಿಲ್ಲ. "ಇನ್ನು ನನ್ನ ಕೈಲಿ ಆಗಲ್ಲ" ಅಂತ ಫೋನಲ್ಲಿ ಹೇಳಿ ಮಾತು ಬದಲಾಯಿಸಿದರು. ಅವರು ಜೂನ್‌ನಲ್ಲಿ ಇಲ್ಲಿಗೆ ಬರುವವರಿದ್ದರು. ಅಷ್ಟರೊಳಗೆ ಅವರ ಭುಜ ತಡೆಯುವಂಥ ಒಂದು ಕೋವಿ ಹುಡುಕಬೇಕು ಅಂತ ಹಟ ಹಿಡಿದೆ.

ಊರಿನದು ಪಕ್ಕಪಕ್ಕ ನಳಿಗೆಯ ಜೋಡಿ ಕೋವಿ. ನಾನು ಹುಡುಕಿದ್ದು ಒಂದರ ಮೇಲೊಂದು ನಳಿಗೆ ಇರುವ 'ಓವರ್ ಅಂಡ್ ಅಂಡರ್'. ಇದರಲ್ಲಿ ಗುರಿ ನೋಡುವ ಕಣ್ಣಿಗೆ ಒಂದೇ ಸಪೂರ ಗೆರೆ ಕಾಣುತ್ತೆ. ಸಾಮಾನ್ಯವಾಗಿ ಕೆಳಗಿನ ನಳಿಗೆ ಮೊದಲು ಸಿಡಿಯುತ್ತೆ, ಹಾಗಾಗಿ ಒದೆತ ನೇರವಾಗಿ ಭುಜಕ್ಕೆ ಬರುತ್ತೆ, ಮೂತಿ ಕಡಿಮೆ ಎಗರುತ್ತೆ. ಇಲ್ಲಿ ಫೆಸೆಂಟ್ ಹಕ್ಕಿಯ ಬೇಟೆಗೆ ಹೋಗುವವರು ಹೊತ್ತು ನಡೆಯಲು ಹಗುರ ಕೋವಿ ಕೇಳ್ತಾರೆ. ಕ್ಲೇ ಅಂದರೆ ಯಂತ್ರ ಗಾಳಿಗೆ ಎಸೆಯುವ ಅಂಗೈಯಗಲದ ಬಿಲ್ಲೆ. ಅದಕ್ಕೆ ದಿನಕ್ಕೆ ನೂರು ಈಡು ಹೊಡೆಯುವವರಿಗೆ ಭಾರದ ಕೋವಿಯೇ ಒಳ್ಳೇದು, ಒದೆತವನ್ನು ಅದೇ ನುಂಗುತ್ತೆ. ನಾನು ಬಿಲ್ಲೆ ಹೊಡೆಯೋನು, ಹಕ್ಕಿ ಅಲ್ಲ.

ಈ ಜಾತಿಯ ಕೋವಿಗಳಲ್ಲಿ ಲಂಡನ್ನಿನ ಬಾಸ್ ಕಂಪನಿಯದು 1909ರದ್ದು, ವುಡ್‌ವರ್ಡ್‌ದು 1913ರದ್ದು. ಎರಡೂ ಶ್ರೀಮಂತರ ಸೊತ್ತು. ಸಾಮಾನ್ಯರ ಕೈಗೆ ತಂದಿದ್ದು ಅಮೆರಿಕದ ಜಾನ್ ಬ್ರೌನಿಂಗ್. ಈ ಕೋವಿಯ ಕೆಲಸ ನಡೀತಿದ್ದಾಗಲೇ ಆತ 1926ರ ನವೆಂಬರ್ 26ರಂದು ಬೆಲ್ಜಿಯಂನ ಕಾರ್ಖಾನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡ. ಉಳಿದದ್ದನ್ನು ಮುಂದುವರಿಸಿದ್ದು ಮಗ ವ್ಯಾಲ್. 1931ರಲ್ಲಿ ಮಾರುಕಟ್ಟೆಗೆ ಬಂತು. ಅಮೆರಿಕದಲ್ಲಿ ಇದರ ಹೆಸರು ಸೂಪರ್‌ಪೋಸ್ಡ್, ಯುರೋಪಿನಲ್ಲಿ ಬಿ25.

ಒಂದು ಅಂಗಡಿಯ ವೆಬ್‌ಸೈಟಲ್ಲಿ 1969ರ ಸೂಪರ್‌ಪೋಸ್ಡ್ ಕಂಡಿತು. ಅಮೆರಿಕದಿಂದ ಬಂದದ್ದು, ಇಕ್ಕೆಲದಲ್ಲೂ ಹಕ್ಕಿಗಳ ಕೆತ್ತನೆ, ವಾಲ್‌ನಟ್ ಮರಕ್ಕೆ ಜೇನಿನ ಬಣ್ಣ. 2,200 ಪೌಂಡ್. "ಇನ್ನೊಬ್ಬರು ಕೇಳ್ತಿದಾರೆ" ಅಂದಿದ್ದೇ ತಡ, ಫೋನಲ್ಲೇ 200 ಪೌಂಡ್ ಮುಂಗಡ ಕಟ್ಟಿದೆ. ವಾಪಸ್ ಕೊಡಲ್ಲ ಅನ್ನೋ ಷರತ್ತು ಓದಲೇ ಇಲ್ಲ. ದಿನಾ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕುವವನು ನಾನು!

ರಾತ್ರಿ ವಿಡಿಯೋ ಕಾಲ್‌ನಲ್ಲಿ ಫೋಟೋ ತೋರಿಸಿದೆ. ಅಪ್ಪ ಕೆತ್ತನೆ ನೋಡಲೇ ಇಲ್ಲ. "ಮರ ಕಬ್ಬಿಣಕ್ಕೆ ತಾಗೋ ಜಾಗದಲ್ಲಿ ಹೇಗಿದೆ? ಮಳೆಗಾಲದಲ್ಲಿ ನಮ್ಮನೆ ಕೋವಿಗೆ ತುಕ್ಕು ಬರೋದು ಅಲ್ಲೇ" ಅಂದರು. ಅದನ್ನೇ ಹುಡುಕುತ್ತಾ ಹೋದಾಗ ಉಪ್ಪಿನ ಕಥೆ ಸಿಕ್ಕಿತು. 1960ರ ದಶಕದಲ್ಲಿ ಬೇಡಿಕೆ ಏರಿ, ಹಿಡಿಕೆಯ ಮರ ಬೇಗ ಒಣಗಲಿ ಅಂತ ಉಪ್ಪು ಹಾಕಿ ಹದ ಮಾಡಿದರು. ಆ ಉಪ್ಪು ಮರದಲ್ಲೇ ಉಳಿದು ತೇವ ಎಳೆದು ಒಳಗಿಂದ ಕಬ್ಬಿಣ ತಿನ್ನಿತು. 1966ರಿಂದ 1972ರ ಆಸುಪಾಸಿನ ಬ್ರೌನಿಂಗ್‌ಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ರೋಗ. ಪತ್ತೆಗೆ ಪಿಯುಸಿ ಲ್ಯಾಬಿನ ಕ್ಲೋರೈಡ್ ಪರೀಕ್ಷೆಯೇ ಸಾಕು: ಪಾಲಿಶ್ ಇಲ್ಲದ ಮರದ ಮೇಲೆ ಒಂದು ಹನಿ ಸಿಲ್ವರ್ ನೈಟ್ರೇಟ್, ಬೆಳ್ಳಗಾದರೆ ಉಪ್ಪು ಇದೆ.

ಶನಿವಾರ ಎರಡು ಗಂಟೆ ಕಾರು ಓಡಿಸಿ ಅಂಗಡಿಗೆ ಹೋದೆ. ಹಿಡಿಕೆಯ ಹಿಂಬದಿಯ ಪ್ಲೇಟ್ ಬಿಚ್ಚಿ ತೋರಿಸಿ ಅಂದಾಗ ಅಂಗಡಿಯವರ ಮುಖ ಸಣ್ಣದಾಯಿತು. ಕೊನೆಗೆ ಬಿಚ್ಚಿದರು. ಹನಿ ಹಾಕುವ ಅಗತ್ಯವೇ ಬೀಳಲಿಲ್ಲ. ಸ್ಕ್ರೂ ಅರ್ಧಕ್ಕರ್ಧ ಕಂದು ಪುಡಿ. ಕೋವಿ ಬೇಡ ಅಂದೆ, ಮುಂಗಡ ಬಿಟ್ಟು ಬಂದೆ. ಮನೆಯಲ್ಲಿ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಸ್ಕ್ರೂ ನೋಡೋಕೆ 200 ಪೌಂಡಾ?"

ಎರಡನೇ ಸಲ ಪಟ್ಟಿ ಹಿಡಿದು ಹೋದೆ. ನಿಮಗೂ ಕೊಡ್ತೀನಿ.

ಮೊದಲು ಕೋವಿ ಮಡಚಿ, ಎರಡೂ ನಳಿಗೆ ಖಾಲಿ ಅಂತ ಕಣ್ಣಾರೆ ನೋಡಿ. ಅಂಗಡಿಯವರು ಹೇಳಿದರೂ ನೀವು ನೋಡಿ.

ಆಮೇಲೆ ಪ್ರೂಫ್ ಮುದ್ರೆ. ಹೆಚ್ಚು ಒತ್ತಡದ ತೋಟಾ ಸಿಡಿಸಿ ಪರೀಕ್ಷಿಸಿದ ಮೇಲೆ ನಳಿಗೆಗೆ ಒತ್ತುವ ಗುರುತು ಅದು. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರಿಂದ ಈ ಕೆಲಸ ಮಾಡ್ತಿದೆ. ತೋಟಾ ಕೂರುವ ಜಾಗದ ಉದ್ದ 65 ಮಿ.ಮೀ. ಇರಬಹುದು, 70 ಇರಬಹುದು. 65ರದ್ದಕ್ಕೆ 70ರ ತೋಟಾ ಹಾಕಬಾರದು.

ನಳಿಗೆಗಳನ್ನು ಬಿಡಿಸಿ, ನೇತು ಹಿಡಿದು ಬೆರಳಲ್ಲಿ ತಟ್ಟಿ. ಗಂಟೆಯಂತೆ ನಾದ ಬಂದರೆ ಬೆಸುಗೆ ಗಟ್ಟಿ, ಒಡಕು ದನಿ ಬಂದರೆ ಅನುಮಾನ. ಬೆಳಕಿಗೆ ಹಿಡಿದು ಒಳಗೆ ಗುಳಿ, ತಗ್ಗು ಹುಡುಕಿ. ಗೋಡೆಯ ದಪ್ಪವನ್ನು ಗನ್‌ಸ್ಮಿತ್ ಹತ್ತಿರ ಅಳೆಸಿ. ಮತ್ತೆ ಜೋಡಿಸಿ ಮುಚ್ಚಿ ಅಲುಗಿಸಿ, ಲೊಟಗುಟ್ಟಬಾರದು. ತೆರೆಯುವ ಲಿವರ್ ಮುಚ್ಚಿದಾಗ ನಡುಗೆರೆಯ ಬಲಕ್ಕೆ ನಿಂತರೆ ಇನ್ನೂ ಆಯುಸ್ಸಿದೆ, ಎಡಕ್ಕೆ ದಾಟಿದ್ದರೆ ಸವೆದಿದೆ.

ಇನ್ನು ಚರೆ. 2025ರ ಜುಲೈನಲ್ಲಿ ಬ್ರಿಟನ್ ಸರ್ಕಾರ ಸೀಸದ ಚರೆ ನಿಷೇಧಿಸುವುದಾಗಿ ಹೇಳಿದೆ, ಬದಲಾಗಲು ಕೆಲವು ವರ್ಷ ಸಮಯ ಕೊಟ್ಟಿದೆ. ಹಳೇ ಕೋವಿಯ ತುದಿ ಬಿಗಿಯಾಗಿದ್ದರೆ ಉಕ್ಕಿನ ಚರೆ ಅದನ್ನು ಹಾಳು ಮಾಡಬಹುದು. ಹೆಚ್ಚು ಶಕ್ತಿಯ ಉಕ್ಕಿನ ತೋಟಾಕ್ಕೆ ಪರೀಕ್ಷೆಯಾದ ನಳಿಗೆಗೆ ಲಿಲ್ಲಿ ಹೂವಿನಂಥ ಮುದ್ರೆ ಇರುತ್ತೆ. ಅದಿಲ್ಲದಿದ್ದರೆ ಯಾವ ತೋಟಾ ಹಾಕಬಹುದು ಅಂತ ಕೇಳಿಯೇ ಕೊಳ್ಳಿ.

ನನಗೆ ಸಿಕ್ಕಿದ್ದು 1950ರ ದಶಕದ ಸಾದಾ ಬಿ25. ನಳಿಗೆಯ ನೀಲಿ ಬಣ್ಣ ಮಾಸಿದೆ, ಕೆತ್ತನೆ ಹೆಸರಿಗಷ್ಟೇ. ಸ್ಕ್ರೂ ಮಾತ್ರ ಹೊಸದರಂತೆ ಹೊಳೀತಿತ್ತು. 1,400 ಪೌಂಡ್. ಇಲ್ಲಿ ಶಾಟ್‌ಗನ್ ಸರ್ಟಿಫಿಕೇಟ್ ಬೇಕು. ಪೊಲೀಸರು ಮನೆಗೆ ಬಂದು, ಗೋಡೆಗೆ ಬಿಗಿದ ಉಕ್ಕಿನ ಬೀರು ನೋಡಿ ಹೋಗಿದ್ದರು.

ಜೂನ್‌ನಲ್ಲಿ ಅಪ್ಪ ಬಂದರು. ಪೊಲೀಸ್ ಅನುಮತಿ ಇರುವ ಕ್ಲೇ ಮೈದಾನದಲ್ಲಿ ಅತಿಥಿಗಳು ಸರ್ಟಿಫಿಕೇಟ್ ಇಲ್ಲದೆಯೂ ಹೊಡೆಯಬಹುದು. ಮೂರೂವರೆ ಕೆ.ಜಿ. ಹತ್ತಿರದ ಕೋವಿ, 21 ಗ್ರಾಂ ಚರೆಯ ಮೆತ್ತನೆ ತೋಟಾ. ಮೊದಲ ಮೂರು ಬಿಲ್ಲೆ ಹಾಗೇ ಹಾರಿಹೋದವು. ನಾನು ಬಿಲ್ಲೆ ನೋಡ್ತಿರಲಿಲ್ಲ, ಅವರ ಭುಜ ನೋಡ್ತಿದ್ದೆ. ನಾಲ್ಕನೆಯದು ಪುಡಿಯಾಯಿತು. ಅಪ್ಪ ಏನೂ ಹೇಳಲಿಲ್ಲ, ಇನ್ನೆರಡು ತೋಟಾಕ್ಕೆ ಕೈ ಚಾಚಿದರು.

ಮನೆಗೆ ಬಂದವರು ಕಾಫಿಗೂ ಮೊದಲು ಬಟ್ಟೆ, ಎಣ್ಣೆ ಕೇಳಿದರು. ಮರ ಕಬ್ಬಿಣಕ್ಕೆ ತಾಗೋ ಜಾಗವನ್ನೇ ನಿಧಾನವಾಗಿ ಒರೆಸುತ್ತಾ, "ಈ ಸಲ ಕೈಲ್ ಮುಹೂರ್ತಕ್ಕೆ ರಜಾ ಹಾಕು. ತೆಂಗಿನಕಾಯಿಗೆ ಮೊದಲ ಈಡು ನಂದು" ಅಂದರು.

ರಜಾ ಹಾಕಿದ್ದೀನಿ, ಮ್ಯಾನೇಜರ್ ಒಪ್ಪಿಯೂ ಆಯ್ತು. ನೀವು ಹಳೇದು ಏನೇ ಕೊಳ್ಳಿ, ಒಳಗೆ ನೋಡೋ ತನಕ ಮುಂಗಡ ಕಟ್ಟಬೇಡಿ.